ಪ್ರಾಕ್ಟೀಸ್ ಬಿಟ್ಟ ಹುಡುಗ: ಗ್ಯಾಂಗ್ ಕೈಗೆ ಸಿಗದ ಹಾಗೆ ಮಕ್ಕಳನ್ನು ಉಳಿಸಲು ಫುಟ್‌ಬಾಲ್ ಸಾಕಾ?

ಥ್ರೋಇನ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಾನು ಕೋಚಿಂಗ್ ಕಲಿತವನಲ್ಲ. ವಾರಕ್ಕೆ ಮೂರು ಸಂಜೆ ಹುಡುಗರಿಗೆ ಫುಟ್‌ಬಾಲ್ ಆಡಿಸುತ್ತೇನೆ. 11ರಿಂದ 16ರ ವಯಸ್ಸಿನವರು. ದುಡ್ಡು ತಗೊಳ್ಳುವುದಿಲ್ಲ. ಐದು ವರ್ಷ ಆಯಿತು. ಶುರು ಮಾಡಿದ್ದೇ ಒಂದು ಕಾರಣಕ್ಕೆ. ನಮ್ಮ ಕಡೆ ಹುಡುಗರನ್ನು ಎಳೆದುಕೊಳ್ಳುವ ಒಂದು ಗುಂಪಿದೆ. ಮಾಲು ಸಾಗಿಸಲು, ಕಾವಲು ನಿಲ್ಲಲು, ಹೊಡೆದಾಟಕ್ಕೆ ಕರೆಯಲು ಅವರಿಗೆ ಸಣ್ಣ ಹುಡುಗರೇ ಬೇಕು. ಸಂಜೆ ಹೊತ್ತು ಮೈದಾನದಲ್ಲಿದ್ದರೆ ಅವರ ಕೈಗೆ ಸಿಗುವುದಿಲ್ಲ ಅಂದುಕೊಂಡಿದ್ದೆ.

ಒಬ್ಬ ಹುಡುಗ, 14 ವರ್ಷ. (ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೇನೆ.) ಎಡಗಾಲಿನವನು, ಡಿಫೆನ್ಸ್ ಆಡುತ್ತಿದ್ದ. ಮೂರು ವರ್ಷದಲ್ಲಿ ತಪ್ಪಿಸಿದ್ದು ಕಡಿಮೆ. ಎಲ್ಲರಿಗಿಂತ ಮೊದಲು ಬಂದು ಮೈದಾನದಲ್ಲಿ ಗುರುತಿನ ಕೋನ್ ಇಡುತ್ತಿದ್ದ. ಎರಡು ತಿಂಗಳ ಹಿಂದೆ ಒಂದು ಟೂರ್ನಮೆಂಟ್‌ಗೆ ತಂಡ ಮಾಡಿದೆ. 27 ಜನರಲ್ಲಿ 14 ಜನ. ಅವನ ಹೆಸರು ಇರಲಿಲ್ಲ. ಪಟ್ಟಿ ಓದಿದಾಗ ಏನೂ ಹೇಳಲಿಲ್ಲ. ಕೋನ್ ಎತ್ತಿಟ್ಟು ಹೋದ. ಮುಂದಿನ ವಾರ ಒಂದು ದಿನ ಬಂದ. ಆಮೇಲೆ ಇಲ್ಲ.

ಈಗ ಆ ಗುಂಪಿನ ದೊಡ್ಡವರ ಜೊತೆ ಕಾಣಿಸುತ್ತಾನೆ. ಕೈಯಲ್ಲಿ ಹೊಸ ಫೋನು. ಕಾಲಲ್ಲಿ ನಾನೇ ಕೊಳ್ಳಲಾಗದಂಥ ಶೂ. ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ. "ಅವನಿಗೆ ಅಣ್ಣಂದಿರು ಸಿಕ್ಕಿದ್ದಾರೆ ಸರ್" ಅಂತ ಉಳಿದ ಹುಡುಗರು ನಗುತ್ತಾ ಹೇಳಿದರು. ಆ ನಗುವಿನಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ನನಗೆ ಭಯ ಆಗಿದ್ದು ಅದಕ್ಕೇ.

ಫುಟ್‌ಬಾಲ್‌ನಿಂದ ಈ ಕೆಲಸ ನಿಜವಾಗಿ ಆಗುತ್ತಾ, ಅಥವಾ ನಾನು ಸುಮ್ನೆ ನನ್ನ ಖುಷಿಗೆ ಆಡಿಸುತ್ತಿದ್ದೇನಾ? ಮತ್ತೆ, ಈ ಹುಡುಗನ ವಿಷಯದಲ್ಲಿ ಈಗ ಏನು ಮಾಡಲಿ?

ಬೆಂಚಿನವನು

ಸರ್, ನಾನು ಅಂಥ ಗುಂಪಿನಲ್ಲಿ ಒಂದೂವರೆ ವರ್ಷ ಇದ್ದವನು. ಈಗ ಮೂವತ್ತು ದಾಟಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಯಾರೂ ನನ್ನನ್ನು "ಬಾ, ಸೇರ್ಕೋ" ಅಂತ ಕರೆಯಲಿಲ್ಲ. ಮೊದಲ ಎರಡು ತಿಂಗಳು ನನ್ನಿಂದ ಏನೂ ಕೇಳಲೂ ಇಲ್ಲ. ನನ್ನ ಹೆಸರು ನೆನಪಿಟ್ಟುಕೊಂಡರು, ಅಷ್ಟೇ. ಶಾಲೆಯಲ್ಲಿ ಒಬ್ಬ ನನಗೆ ದಿನಾ ಹೊಡೆಯುತ್ತಿದ್ದ. ಒಂದು ದಿನ ಅವನೇ ಬಂದು ಸಾರಿ ಕೇಳಿದ. ಯಾರು ಹೇಳಿ ಕಳಿಸಿದರು ಅಂತ ಕೇಳಬೇಕಾಗಿರಲಿಲ್ಲ. ಆ ದಿನ ನಾನು ಎಷ್ಟು ಹಗುರಾಗಿ ಮನೆಗೆ ನಡೆದೆ ಅಂತ ಇವತ್ತಿಗೂ ನೆನಪಿದೆ.

ಆಮೇಲೆ ಒಂದು ಚೀಲ ಬಂತು. "ರಾತ್ರಿ ತನಕ ಇಟ್ಕೋ." ಇಟ್ಕೊಂಡೆ. ಮೂರನೇ ಸಲವೋ ನಾಲ್ಕನೇ ಸಲವೋ ದಾರಿಯಲ್ಲಿ ಇಬ್ಬರು ಕಿತ್ತುಕೊಂಡು ಹೋದರು. ಅದರ ಬೆಲೆ ನನ್ನ ತಲೆ ಮೇಲೆ ಬಿತ್ತು. ಸಾಲ ತೀರುವವರೆಗೆ ಕೆಲಸ ಮಾಡು ಅಂದರು. ಕಿತ್ತುಕೊಂಡವರೂ ಅವರ ಕಡೆಯವರೇ ಅಂತ ನನಗೆ ಗೊತ್ತಾಗಿದ್ದು ನಾಲ್ಕು ವರ್ಷ ಆದಮೇಲೆ.

ನಾನೂ ಆಗ ಫುಟ್‌ಬಾಲ್ ಆಡುತ್ತಿದ್ದೆ. ಹೆಸರು ನೋಡಿದರೆ ಗೊತ್ತಾಗುತ್ತಲ್ಲ, ಹೆಚ್ಚಾಗಿ ಬೆಂಚ್ ಮೇಲೆ. ನಮ್ಮ ಕೋಚ್ ಒಳ್ಳೆಯವರು. ಒಂದು ಸಲವೂ ಬೈದಿಲ್ಲ. ಆದರೆ ನಾನು ಬರುವುದು ನಿಲ್ಲಿಸಿದಾಗ ಯಾಕೆ ಅಂತ ಕೇಳಲೂ ಇಲ್ಲ. ಗುಂಪಿನವರು ಹಾಗಲ್ಲ. ಒಂದು ದಿನ ಕಾಣದಿದ್ದರೆ "ಎಲ್ಲಿ ಹೋಗಿದ್ದೆ?" ಅಂತ ಹುಡುಕಿಕೊಂಡು ಬರುತ್ತಿದ್ದರು.

ತಪ್ಪು ತಿಳಿಯಬೇಡಿ. ಪಟ್ಟಿ ಓದಿದ ದಿನ ಅವನ ಹತ್ತಿರ ಐದು ನಿಮಿಷ ಮಾತಾಡಿದ್ರಾ?

ಥ್ರೋಇನ್

ಇಲ್ಲ.

ಲೆಕ್ಕದಹುಳ

ಇಲ್ಲಿ ಯಾರಾದರೂ ತಣ್ಣೀರು ಎರಚಲೇಬೇಕು, ನಾನೇ ಎರಚುತ್ತೇನೆ. "ಆಟ ಆಡಿಸಿದರೆ ಅಪರಾಧ ಕಡಿಮೆ ಆಗುತ್ತೆ" ಅನ್ನುವುದು ರಾಜಕಾರಣಿಗಳಿಗೂ ದಾನಿಗಳಿಗೂ ಬಹಳ ಇಷ್ಟವಾದ ಮಾತು. ಫೋಟೋ ಚೆನ್ನಾಗಿ ಬರುತ್ತೆ. ಸಾಕ್ಷಿ ಕೇಳಿದರೆ ಮಾತ್ರ ಎಲ್ಲರೂ ಒಂದೊಂದು ಹುಡುಗನ ಕತೆ ಹೇಳುತ್ತಾರೆ.

ಹಳೆಯ ಉದಾಹರಣೆ ಅಮೆರಿಕದ ಮಿಡ್‌ನೈಟ್ ಬ್ಯಾಸ್ಕೆಟ್‌ಬಾಲ್. 1986ರಲ್ಲಿ ಮೇರಿಲ್ಯಾಂಡ್‌ನ ಗ್ಲೆನಾರ್ಡನ್‌ನಲ್ಲಿ ಶುರುವಾಯಿತು. ರಾತ್ರಿ ಹತ್ತರಿಂದ ಎರಡರವರೆಗೆ ಯುವಕರು ಬೀದಿ ಬಿಟ್ಟು ಕೋರ್ಟಿನಲ್ಲಿರಲಿ ಅನ್ನುವುದು ಐಡಿಯಾ. ದೇಶವೆಲ್ಲಾ ಹಬ್ಬಿತು. 1994ರ ಅಪರಾಧ ಕಾಯ್ದೆಯ ಚರ್ಚೆಯಲ್ಲಿ ಇದನ್ನು ಹಿಡಿದುಕೊಂಡು ಎರಡೂ ಪಕ್ಷ ಕಿತ್ತಾಡಿದವು. ಇದರಿಂದ ಅಪರಾಧ ಇಷ್ಟು ಇಳಿಯಿತು ಅಂತ ಗಟ್ಟಿಯಾಗಿ ಹೇಳಲು ಮಾತ್ರ ಯಾರಿಗೂ ಆಗಲಿಲ್ಲ.

ಇನ್ನೊಂದು ಇದಕ್ಕಿಂತ ಕಹಿ. ಕೇಂಬ್ರಿಡ್ಜ್-ಸಾಮರ್‌ವಿಲ್ ಅಧ್ಯಯನ, ಮ್ಯಾಸಚೂಸೆಟ್ಸ್, 1939. ದಾರಿ ತಪ್ಪಬಹುದಾದ 500ಕ್ಕೂ ಹೆಚ್ಚು ಹುಡುಗರನ್ನು ಆರಿಸಿ, ಅರ್ಧ ಜನರಿಗೆ ವರ್ಷಗಟ್ಟಲೆ ಸಹಾಯ ಕೊಟ್ಟರು. ಮನೆಗೆ ಬರುವ ಸಲಹೆಗಾರರು, ಟ್ಯೂಷನ್, ಬೇಸಿಗೆ ಶಿಬಿರ. ಮೂವತ್ತು ವರ್ಷ ಆದಮೇಲೆ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಅವರನ್ನೆಲ್ಲಾ ಹುಡುಕಿ ಲೆಕ್ಕ ಹಾಕಿದರು. ಹಲವು ವಿಷಯಗಳಲ್ಲಿ ಸಹಾಯ ಸಿಕ್ಕವರ ಗತಿಯೇ ಸಿಗದವರಿಗಿಂತ ಕೆಟ್ಟದಾಗಿತ್ತು! ಅದರಲ್ಲೂ ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋದವರದ್ದು. ಕಾರಣ ಇರಬಹುದು ಅಂತ ಅವರು ಅಂದುಕೊಂಡಿದ್ದು ಇದು: ಕಿಡಿಗೇಡಿ ಹುಡುಗರನ್ನೇ ಒಂದು ಕಡೆ ಕೂಡಿಹಾಕಿದರೆ, ಪುಂಡಾಟದ ಕತೆ ಹೇಳಿಕೊಂಡು ಒಬ್ಬರಿಗೊಬ್ಬರು ಭೇಷ್ ಅನ್ನಿಸಿಕೊಳ್ಳುತ್ತಾರೆ.

ಹಾಗಾಗಿ ಥ್ರೋಇನ್ ಅವರೇ, "ತೊಂದರೆ ಹುಡುಗರ ತಂಡ" ಅಂತ ಬೇರೆ ಮಾಡಲು ಮಾತ್ರ ಹೋಗಬೇಡಿ.

ಗೋಲ್‌ಹಿಂದೆ

ಲೆಕ್ಕದಹುಳ ಹೇಳಿದ್ದು ಸರಿ, ಆದರೆ ಅರ್ಧ. ಫುಟ್‌ಬಾಲ್ ಯಾವ ಕಡೆಗೂ ಎಳೆಯಬಲ್ಲದು ಅನ್ನುವುದಕ್ಕೆ ಮೆಡಿಲಿನ್ ನೋಡಿ.

ಕೊಲಂಬಿಯಾದ ಆ ನಗರದಲ್ಲಿ 1991ರ ಒಂದೇ ವರ್ಷ 6 ಸಾವಿರಕ್ಕೂ ಹೆಚ್ಚು ಕೊಲೆಗಳಾದವು. ಕೊಂದವರಲ್ಲೂ ಸತ್ತವರಲ್ಲೂ ತುಂಬಾ ಜನ ಹದಿಹರೆಯದವರು. ಅಲ್ಲಿನ ಬಡ ಬಡಾವಣೆಗಳಲ್ಲಿ ದೀಪ ಹಾಕಿದ ಫುಟ್‌ಬಾಲ್ ಮೈದಾನ ಮಾಡಿಸಿಕೊಟ್ಟವನು ಯಾರು ಗೊತ್ತಾ? ಡ್ರಗ್ಸ್ ದೊರೆ ಪಾಬ್ಲೊ ಎಸ್ಕೋಬಾರ್. ಸರ್ಕಾರ ಕಾಲಿಡದ ಜಾಗದಲ್ಲಿ ಅವನ ದೀಪ ಉರಿಯುತ್ತಿತ್ತು. ಹುಡುಗರಿಗೆ ಅವನು ದೇವರಾಗದೆ ಇನ್ನೇನಾಗುತ್ತಾನೆ?

1994ರ ವಿಶ್ವಕಪ್‌ನಲ್ಲಿ ಜೂನ್ 22ರಂದು ಅದೇ ನಗರದ ಡಿಫೆಂಡರ್ ಆಂಡ್ರೆಸ್ ಎಸ್ಕೋಬಾರ್ ಅಮೆರಿಕದ ವಿರುದ್ಧ ತನ್ನದೇ ಗೋಲಿಗೆ ಚೆಂಡು ಹೊಡೆದುಬಿಟ್ಟ. (ಹೆಸರು ಒಂದೇ, ಸಂಬಂಧ ಇಲ್ಲ.) ಜುಲೈ 2ರಂದು ಮೆಡಿಲಿನ್‌ನಲ್ಲೇ ಅವನನ್ನು ಗುಂಡಿಟ್ಟು ಕೊಂದರು. 27 ವರ್ಷ.

ಯೂರ್ಗನ್ ಗ್ರೀಸ್‌ಬೆಕ್ ಎಂಬ ಜರ್ಮನ್ ಆಗ ಆ ನಗರದಲ್ಲಿದ್ದರು. 1996ರಲ್ಲಿ ಅವರು ಬೀದಿ ಫುಟ್‌ಬಾಲನ್ನೇ ಹಿಡಿದು "ಶಾಂತಿಗಾಗಿ ಫುಟ್‌ಬಾಲ್" ಅಂತ ಶುರು ಮಾಡಿದರು. ನಿಯಮ ಕೇಳಿದರೆ ನಗು ಬರುತ್ತೆ. ಹುಡುಗರು ಹುಡುಗಿಯರು ಕೂಡಿ ಆಡಬೇಕು. ಮೊದಲ ಗೋಲು ಹುಡುಗಿಯೇ ಹೊಡೆಯಬೇಕು. ರೆಫರಿ ಇಲ್ಲ. ಇದೇ ಮುಂದೆ ಬೆಳೆದು ಈಗ "ಫುಟ್‌ಬಾಲ್3" ಅನ್ನುತ್ತಾರೆ. ಆಟಕ್ಕೆ ಎರಡಲ್ಲ, ಮೂರು ಭಾಗ. ಮೊದಲು ಎರಡೂ ತಂಡ ಕೂತು ಇವತ್ತಿನ ನಿಯಮ ಒಪ್ಪಿಕೊಳ್ಳುವುದು. ಆಮೇಲೆ ಆಟ. ಕೊನೆಗೆ ಮತ್ತೆ ಕೂತು, ಎದುರು ತಂಡ ನ್ಯಾಯವಾಗಿ ಆಡಿತಾ ಅಂತ ಮಾತಾಡಿ ಅಂಕ ಕೊಡುವುದು. ಗೋಲಿನ ಅಂಕ, ನಡತೆಯ ಅಂಕ ಎರಡೂ ಸೇರಿಸಿ ಗೆದ್ದವರು ಯಾರು ಅಂತ ನಿರ್ಧಾರ.

ನಾನು ಇದನ್ನು ಹುಡುಗರ ಮೇಲೆ ಪ್ರಯೋಗ ಮಾಡಿದವನು. ಮೊದಲ ತಿಂಗಳು ಪಾಡು ಕೇಳಬೇಡಿ. ಕೊನೆಯ ಮಾತುಕತೆಯಲ್ಲಿ ಎಲ್ಲರೂ ನೆಲ ನೋಡುತ್ತಾ ಹುಲ್ಲು ಕೀಳುತ್ತಿದ್ದರು. ಆರನೇ ವಾರ ಒಬ್ಬ, "ಚೆಂಡು ನನ್ನ ಕೈಗೆ ತಾಗಿತ್ತು, ನಾನು ಹೇಳಲಿಲ್ಲ" ಅಂದ. ಎದುರು ತಂಡದವರು ಬೈಯುತ್ತಾರೆ ಅಂದುಕೊಂಡೆ. ನಕ್ಕುಬಿಟ್ಟರು. ಜಗಳ ಆದ ಮೇಲೂ ಕತ್ತಿ ತೆಗೆಯದೆ ಮಾತಾಡಬಹುದು ಅನ್ನುವುದನ್ನು ಆ ಹುಡುಗರು ಬೇರೆ ಎಲ್ಲೂ ನೋಡಿರಲಿಲ್ಲ.

ಕಾರ್ನರ್‌ಕಿಕ್

ಇಷ್ಟೆಲ್ಲಾ ಯಾಕೆ? ಪೊಲೀಸರಿಗೆ ಹೇಳಿ. ಹುಡುಗನಿಗೆ ಎರಡು ಬಿದ್ದರೆ ಬುದ್ಧಿ ಬರುತ್ತೆ.

ಬೆಂಚಿನವನು

ನನಗೆ ಬಿದ್ದಿತ್ತು ಸರ್, ಎರಡಲ್ಲ, ಜಾಸ್ತಿನೇ. ವಾಪಸ್ ಬಂದಾಗ ಗುಂಪಿನಲ್ಲಿ ನನ್ನ ಬೆಲೆ ಏರಿತ್ತು. "ಬಾಯಿ ಬಿಡಲಿಲ್ಲ" ಅಂತ.

ನಡುಮೈದಾನ

ನನಗೆ ಗೊತ್ತು ನೀವು ಯಾರ ಬಗ್ಗೆ ಹೇಳ್ತಿದ್ದೀರಿ ಅಂತ. ಆ ಹುಡುಗನ ಮನೆ

[ಈ ಪೋಸ್ಟಿನ ಉಳಿದ ಭಾಗ ತೆಗೆಯಲಾಗಿದೆ. ಮಕ್ಕಳ ಗುರುತು ಸಿಗುವ ಯಾವ ವಿವರವನ್ನೂ ಇಲ್ಲಿ ಹಾಕಬೇಡಿ. – ನಿರ್ವಾಹಕರು]

ಸಂಜೆಪಾಳಿ

ನಾನು ಮಕ್ಕಳ ಜೊತೆ ಕೆಲಸ ಮಾಡುವವಳು. ಆಪ್ತ ಸಮಾಲೋಚನೆ ನನ್ನ ಉದ್ಯೋಗ. ನಿರ್ವಾಹಕರು ಬೇಗ ಎಚ್ಚೆತ್ತಿದ್ದು ಒಳ್ಳೆಯದಾಯಿತು. ಇಂಥ ಗುಂಪುಗಳಲ್ಲಿರುವವರೂ ಫೋನ್ ನೋಡುತ್ತಾರೆ.

ಥ್ರೋಇನ್ ಅವರೇ, ಬೆಂಚಿನವನು ಹೇಳಿದ ಚೀಲದ ಕತೆ ಹೊಸದಲ್ಲ. ಇಂಗ್ಲೆಂಡಿನಲ್ಲಿ ಇದನ್ನು "ಕೌಂಟಿ ಲೈನ್ಸ್" ಅನ್ನುವ ದಂಧೆಯಲ್ಲಿ ಬಹಳ ನೋಡಿದ್ದಾರೆ. ದೊಡ್ಡ ನಗರದ ಗ್ಯಾಂಗುಗಳು ಮಕ್ಕಳ ಕೈಲಿ ಸಣ್ಣ ಊರುಗಳಿಗೆ ಡ್ರಗ್ಸ್ ಕಳಿಸುತ್ತವೆ. ತಾವೇ ನಾಟಕದ ಕಳ್ಳತನ ಮಾಡಿಸಿ ಸಾಲದ ಹಗ್ಗ ಬಿಗಿಯುತ್ತವೆ. ಹೊಸ ಶೂ ಕೂಡ ಸಾಲವೇ. ಬಿಲ್ ಆಮೇಲೆ ಬರುತ್ತೆ, ಅಷ್ಟೇ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 182ನೇ ಒಪ್ಪಂದ ಅಂತ ಇದೆ, 1999ರದ್ದು. 18 ವರ್ಷದೊಳಗಿನ ಮಕ್ಕಳನ್ನು ಮಾದಕ ವಸ್ತು ಸಾಗಣೆಯಂಥ ಅಕ್ರಮ ಕೆಲಸಕ್ಕೆ ಬಳಸುವುದನ್ನು ಅದು ಬಾಲಕಾರ್ಮಿಕತೆಯ ಅತಿ ಕೆಟ್ಟ ರೂಪಗಳಲ್ಲಿ ಒಂದು ಅನ್ನುತ್ತೆ. ಅಂದರೆ ನಿಮ್ಮ ಹುಡುಗ ಮೊದಲು ಶೋಷಣೆಗೆ ಸಿಕ್ಕ ಮಗು. ಕಾರ್ನರ್‌ಕಿಕ್ ಅವರು ಇದನ್ನು ಇನ್ನೊಮ್ಮೆ ಓದಲಿ.

ಈಗ ನೀವು ಮಾಡಬೇಕಾದ್ದು. ಅವನು ಆ ದೊಡ್ಡವರ ಜೊತೆ ಇರುವಾಗ ಹೋಗಿ ಮಾತಾಡಬೇಡಿ. ಅವರ ಮುಂದೆ ಅವನು ನಿಮ್ಮನ್ನು ಅವಮಾನ ಮಾಡಲೇಬೇಕಾಗುತ್ತೆ, ಆಮೇಲೆ ನಿಮ್ಮ ಮುಖ ನೋಡಲು ಅವನಿಗೆ ಆಗುವುದಿಲ್ಲ. ಒಬ್ಬನೇ ಸಿಕ್ಕಾಗ ಎರಡೇ ಮಾತು. ಫೋನ್ ಎಲ್ಲಿಂದ ಬಂತು ಅಂತ ಕೇಳಬೇಡಿ. "ನಿನ್ನ ಜಾಗ ಇದೆ. ಪಟ್ಟಿ ಓದಿದ ದಿನ ನಾನು ನಿನ್ನ ಹತ್ತಿರ ಮಾತಾಡಬೇಕಿತ್ತು, ಮಾತಾಡಲಿಲ್ಲ, ತಪ್ಪಾಯಿತು." ಅಷ್ಟು ಸಾಕು. ದೊಡ್ಡವರು ತಪ್ಪಾಯಿತು ಅನ್ನುವುದನ್ನು ಈ ಮಕ್ಕಳು ಕೇಳಿರುವುದೇ ಕಡಿಮೆ.

ಅವನು ಏನಾದರೂ ಹೇಳಲು ಶುರು ಮಾಡಿದರೆ "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. ಒಬ್ಬರೇ ಪತ್ತೇದಾರಿಕೆಗೂ ಇಳಿಯಬೇಡಿ. ಸಾಲ, ಬೆದರಿಕೆ, ಆಯುಧ ಈ ಮೂರರಲ್ಲಿ ಒಂದು ಮಾತು ಬಂದರೂ ಮಕ್ಕಳ ರಕ್ಷಣೆಯ ಕೆಲಸ ಗೊತ್ತಿರುವವರಿಗೆ ಅದೇ ದಿನ ತಿಳಿಸಬೇಕು. ನೀವು ಕೋಚ್. ಬಾಗಿಲು ತೆರೆದಿಡುವುದು ನಿಮ್ಮ ಕೆಲಸ. ಒಳಗಿನ ಬೆಂಕಿ ಆರಿಸಲು ಬೇರೆಯವರೂ ಬೇಕು.

ಥ್ರೋಇನ್

ಮೇಡಂ, ಥ್ಯಾಂಕ್ಸ್. ಎರಡು ಸಲ ಓದಿದೆ.

ಒಂದು ಒಪ್ಪಿಕೊಳ್ಳಬೇಕು. ಐದು ವರ್ಷದಲ್ಲಿ ನನ್ನ ಲೆಕ್ಕ ಯಾವಾಗಲೂ ಇದ್ದದ್ದು ಯಾರು ಚೆನ್ನಾಗಿ ಆಡುತ್ತಾರೆ ಅನ್ನುವುದರ ಮೇಲೆ. ನಮ್ಮ ಹುಡುಗರಲ್ಲಿ ಇಬ್ಬರು ದೊಡ್ಡ ಕ್ಲಬ್ಬಿನ ಆಯ್ಕೆಗೆ ಹೋದರು. ಅವರ ಫೋಟೋ ಗೋಡೆ ಮೇಲಿದೆ. ಬಿಟ್ಟು ಹೋದವರು ಎಷ್ಟು ಅಂತ ನಿನ್ನೆ ಹಳೇ ಹಾಜರಿ ಪುಸ್ತಕ ತೆಗೆದು ಎಣಿಸಿದೆ. 31. ಅದರಲ್ಲಿ ಹತ್ತು ಜನ ಟೂರ್ನಮೆಂಟ್ ಪಟ್ಟಿ ಹಾಕಿದ ಒಂದು ತಿಂಗಳೊಳಗೇ ಬಿಟ್ಟಿದ್ದಾರೆ. ಇದು ನನ್ನ ಕಣ್ಣ ಮುಂದೆಯೇ ಇತ್ತು.

ಹಾಗಂತ ಆಯ್ಕೆ ಮಾಡದೆ ತಂಡ ಕಟ್ಟುವುದು ಹೇಗೆ?

ಎಡಗಾಲು10

ಗುರೂ, ಆಯ್ಕೆ ಮಾಡು. ಆದರೆ ಆಟ ಬರದವನಿಗೂ ತಂಡವನ್ನು ಗೆಲ್ಲಿಸುವ ದಾರಿ ಕೊಡು. ಕೀನ್ಯಾದ ಮಥಾರೆಯವರನ್ನು ನೋಡು.

ನೈರೋಬಿಯ ದೊಡ್ಡ ಕೊಳೆಗೇರಿ ಅದು. 1987ರಲ್ಲಿ ಬಾಬ್ ಮನ್ರೋ ಎಂಬ ಕೆನಡಾದವರು ಅಲ್ಲಿನ ಹುಡುಗರ ಜೊತೆ ಸೇರಿ ಮಥಾರೆ ಯೂತ್ ಸ್ಪೋರ್ಟ್ಸ್ ಅಸೋಸಿಯೇಷನ್ ಶುರು ಮಾಡಿದರು. ಲೀಗ್ ನಡೆಸುವವರು ಹುಡುಗ ಹುಡುಗಿಯರೇ. ಕಸ ತೆಗೆದು ಚರಂಡಿ ಸ್ವಚ್ಛ ಮಾಡಿದರೆ ತಂಡಕ್ಕೆ ಲೀಗ್ ಪಟ್ಟಿಯಲ್ಲಿ ಅಂಕ! ಅಂದರೆ ಪಂದ್ಯ ಸೋತ ತಂಡವೂ ಸನಿಕೆ ಹಿಡಿದು ಮೇಲೆ ಬರಬಹುದು. ಚಿಕ್ಕವರಿಗೆ ಕಲಿಸುವವರು, ರೆಫರಿ ಆಗುವವರು, ಸಂಘಟಿಸುವವರು, ಅವರಿಗೂ ಮರ್ಯಾದೆ. ಚೆನ್ನಾಗಿ ಕೆಲಸ ಮಾಡಿದವರ ಶಾಲಾ ಶುಲ್ಕ ಕಟ್ಟುವ ಏರ್ಪಾಡೂ ಇತ್ತು.

"ಹೀಗೆ ಮಾಡಿದರೆ ಆಟದ ಮಟ್ಟ ಇಳಿಯುತ್ತೆ" ಅಂತ ಯಾರಾದರೂ ಅಂದರೆ ಇದನ್ನು ಹೇಳು: ಅಲ್ಲಿಂದಲೇ 1994ರಲ್ಲಿ ಮಥಾರೆ ಯುನೈಟೆಡ್ ಹುಟ್ಟಿತು. 2008ರಲ್ಲಿ ಕೀನ್ಯಾದ ಪ್ರೀಮಿಯರ್ ಲೀಗನ್ನೇ ಗೆದ್ದಿತು.

ಕೋನ್ ಇಡುತ್ತಿದ್ದ ಅಂದೆಯಲ್ಲ, ಆ ಹುಡುಗನಿಗೆ ನೀನು ಅದಕ್ಕೆ ಒಂದು ಹೆಸರು ಕೊಟ್ಟಿದ್ದೆಯಾ? ಸಹಾಯಕ ಕೋಚ್, ಏನೋ ಒಂದು? ಅವನು ಮೂರು ವರ್ಷ ಆ ಕೆಲಸಕ್ಕೆ ಅರ್ಜಿ ಹಾಕುತ್ತಲೇ ಇದ್ದ ಅಂತ ನನಗೆ ಅನ್ನಿಸಿತು.

ಆರೂವರೆಗಂಟೆ

ನಾನು ತಾಯಿ. ಮಗನಿಗೆ 13. ನೀವೆಲ್ಲಾ ಮೈದಾನದ ಒಳಗಿನದ್ದೇ ಮಾತಾಡುತ್ತಿದ್ದೀರಿ. ನನ್ನ ಚಿಂತೆ ಮೈದಾನಕ್ಕೆ ಹೋಗುವ ದಾರಿಯದ್ದು.

ಶಾಲೆ ಬಿಡುವುದು ಮೂರೂವರೆಗೆ. ನಾನು ಮನೆ ಸೇರುವುದು ಆರೂವರೆಗೆ. ಅವನ ಪ್ರಾಕ್ಟೀಸ್ ಶುರು ಆಗುವುದು ಆರಕ್ಕೆ. ನಡುವಿನ ಎರಡೂವರೆ ಗಂಟೆ ಯಾರದ್ದು? ಕೋಚ್‌ಗೆ ಆಫೀಸು ಇರುತ್ತೆ, ಅದು ಅರ್ಥ ಆಗುತ್ತೆ. ಆದರೆ ಆ ಗುಂಪಿನವರಿಗೆ ಆಫೀಸಿಲ್ಲ. ಶಾಲೆ ಗೇಟಿನ ಹತ್ತಿರವೇ ಇರುತ್ತಾರೆ.

ಮತ್ತೆ ಪ್ರಾಕ್ಟೀಸ್ ಮುಗಿದ ಮೇಲೆ ಕತ್ತಲೆಯಲ್ಲಿ ವಾಪಸ್ ಬರಬೇಕು. ಬೇರೆ ಗುಂಪಿನ "ಏರಿಯಾ" ದಾಟಬೇಕು. ಕೆಲವು ಹುಡುಗರು ಇದಕ್ಕೇ ಆಟ ಬಿಟ್ಟಿದ್ದಾರೆ, ಸೋಮಾರಿತನದಿಂದಲ್ಲ. ಇನ್ನು ಕೆಲವರು ದಾರಿಯಲ್ಲಿ ರಕ್ಷಣೆ ಇರಲಿ ಅಂತಲೇ ಒಂದು ಗುಂಪಿನ ಜೊತೆ ಗುರುತಿಸಿಕೊಂಡಿದ್ದಾರೆ. ಈ ಮಾತನ್ನು ನನ್ನ ಮಗ ನನಗೆ ಹೇಳಲಿಲ್ಲ. ಅವನ ಗೆಳೆಯನ ತಾಯಿ ಹೇಳಿದರು.

ಇನ್ನೊಂದು. ಎಲ್ಲರೂ "ಹುಡುಗರು, ಹುಡುಗರು" ಅಂತಲೇ ಬರೆದಿದ್ದೀರಿ. ಹುಡುಗಿಯರನ್ನೂ ಇದೇ ಗುಂಪುಗಳು ಬಳಸುತ್ತವೆ. ಚೀಲ ಬಚ್ಚಿಡಲು, ಅದಕ್ಕಿಂತ ಕೆಟ್ಟದ್ದಕ್ಕೂ. ಅವರಿಗೆ ಸಂಜೆ ಎಲ್ಲಿದೆ ಮೈದಾನ?

ಸಂಜೆಪಾಳಿ

ಅಮ್ಮ, ನೀವು ಕೇಳಿದ್ದಕ್ಕೆ ಯಾರ ಹತ್ತಿರವೂ ಪೂರ್ತಿ ಉತ್ತರ ಇಲ್ಲ. ದಾರಿಯ ವಿಷಯಕ್ಕೆ ಒಂದು ಕಡೆ ನಾವು ಮಾಡಿದ್ದು ಹೇಳುತ್ತೇನೆ. ಮಕ್ಕಳನ್ನು ಮನೆ ದಿಕ್ಕಿನ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿನ ಜೊತೆ ಒಬ್ಬ ದೊಡ್ಡವರು ನಡೆದು ಹೋಗುತ್ತಿದ್ದರು. ಹದಿನೈದು ನಿಮಿಷದ ನಡಿಗೆ. ಮಕ್ಕಳು ನಿಜವಾಗಿ ಮಾತಾಡಿದ್ದು ಆ ಹದಿನೈದು ನಿಮಿಷದಲ್ಲೇ. ಮೈದಾನದಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ.

ಲೆಕ್ಕದಹುಳ

ಆರೂವರೆಗಂಟೆ ಮೇಡಂ ಹೇಳಿದ ಹೊತ್ತಿನ ಮಾತಿಗೆ ಅಂಕಿ ಅಂಶವೂ ಜೊತೆ ಕೊಡುತ್ತೆ. ಅಮೆರಿಕದಲ್ಲಿ ಶಾಲೆ ಇರುವ ದಿನಗಳಲ್ಲಿ ಹದಿಹರೆಯದವರ ಹಿಂಸಾಚಾರ ತುದಿ ಮುಟ್ಟುವುದು ಶಾಲೆ ಬಿಟ್ಟ ಮೊದಲ ಗಂಟೆಗಳಲ್ಲಿ, ನಡುರಾತ್ರಿಯಲ್ಲಲ್ಲ.

ನಾನು ತಣ್ಣೀರು ಮಾತ್ರ ಎರಚುವವನು ಅಂದುಕೊಳ್ಳಬೇಡಿ, ಬೆಚ್ಚಗಿನದ್ದೂ ಇದೆ. ರೋಚೆಸ್ಟರ್, ಡೆನ್ವರ್, ಸಿಯಾಟಲ್ ನಗರಗಳಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಿವೆ. ಗ್ಯಾಂಗ್ ಸೇರಿದ ಹೆಚ್ಚಿನವರು ಒಂದು ವರ್ಷ ಅಥವಾ ಅದಕ್ಕೂ ಕಡಿಮೆ ಕಾಲ ಅದರಲ್ಲಿದ್ದರು. ಒಮ್ಮೆ ಹೋದರೆ ಮುಗಿಯಿತು ಅನ್ನುವುದು ಸಿನಿಮಾ ಮಾತು. ಎಲ್ಲ ಕಡೆಯ ಗ್ಯಾಂಗಿಗೂ ಇದು ಒಪ್ಪುತ್ತೆ ಅಂತಲ್ಲ. ಎಂಎಸ್-13 ಎಂಬ ಕ್ರೂರ ಗ್ಯಾಂಗಿನಂಥವುಗಳಿಂದ ಹೊರಬರುವುದು ಬೇರೆಯೇ ಕತೆ. ಆದರೆ ನಿಮ್ಮ ಹುಡುಗನ ವಿಷಯದಲ್ಲಿ ಇದು ಮುಖ್ಯ. ಅವನು ವಾಪಸ್ ಬರಬೇಕು ಅನ್ನಿಸಿದ ದಿನ ಬರಲು ಒಂದು ಜಾಗ ಇರಬೇಕು.

ಗೋಲ್‌ಹಿಂದೆ

ಐಸ್‌ಲ್ಯಾಂಡ್ ಮರೆತಿರಿ. ಅಲ್ಲಿ 15-16ರ ಮಕ್ಕಳಲ್ಲಿ ಹಿಂದಿನ ತಿಂಗಳು ಕುಡಿದು ಅಮಲೇರಿದವರು 1998ರಲ್ಲಿ ಶೇ 42 ಇದ್ದರು. 2016ಕ್ಕೆ ಶೇ 5. ಆಟದ ಕ್ಲಬ್ಬುಗಳೇ ಕಾರಣ.

ಲೆಕ್ಕದಹುಳ

ಅಂಕಿ ಸರಿ. "ಕ್ಲಬ್ಬುಗಳೇ" ಅನ್ನುವ "ಏ" ತಪ್ಪು. ಅಲ್ಲಿ ಆಟದ ಜೊತೆಗೆ ತಂದೆತಾಯಿಯರ ಒಪ್ಪಂದ, ಮಕ್ಕಳು ರಾತ್ರಿ ಹೊರಗಿರುವುದಕ್ಕೆ ಮಿತಿ, ಪ್ರತಿ ಶಾಲೆಯ ಸಮೀಕ್ಷೆ, ಚಟುವಟಿಕೆಗೆ ಸರ್ಕಾರದ ದುಡ್ಡು ಎಲ್ಲಾ ಇತ್ತು. ಅದೂ ಕುಡಿತದ ವಿಷಯ, ಗ್ಯಾಂಗಿನದ್ದಲ್ಲ.

ಫುಟ್‌ಬಾಲ್ ಬಗ್ಗೆ ನನಗೆ ಇಷ್ಟವಾದ ಒಂದು ಪ್ರಯೋಗ ಇದೆ. ಸಲ್ಮಾ ಮೂಸಾ ಎಂಬ ಸಂಶೋಧಕಿಯದ್ದು, 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಐಸಿಸ್ ಹಾವಳಿ ಮುಗಿದ ಇರಾಕ್‌ನಲ್ಲಿ, ಊರು ಬಿಟ್ಟು ಓಡಿದ್ದ ಕ್ರೈಸ್ತರ ಹವ್ಯಾಸಿ ತಂಡಗಳಲ್ಲಿ ಕೆಲವಕ್ಕೆ ಚೀಟಿ ಎತ್ತಿದ ಹಾಗೆ ಮುಸ್ಲಿಂ ಆಟಗಾರರನ್ನು ಸೇರಿಸಿದರು. ಉಳಿದವು ಪೂರ್ತಿ ಕ್ರೈಸ್ತರ ತಂಡಗಳು. ಬೆರೆತು ಆಡಿದವರು ಮುಂದಿನ ಸೀಸನ್‌ನಲ್ಲೂ ಬೆರೆತ ತಂಡಕ್ಕೇ ಹೆಸರು ಕೊಟ್ಟರು. ಆರು ತಿಂಗಳಾದರೂ ಒಟ್ಟಿಗೆ ಪ್ರಾಕ್ಟೀಸ್ ಮಾಡುತ್ತಿದ್ದರು. ಆದರೆ ಮೈದಾನದ ಹೊರಗೆ, ಪರಿಚಯವಿಲ್ಲದ ಮುಸ್ಲಿಮರ ಜೊತೆ ಬೆರೆಯುವ ವಿಷಯದಲ್ಲಿ ಅಂಥ ದೊಡ್ಡ ಬದಲಾವಣೆ ಕಾಣಲಿಲ್ಲ.

ಇದು ಗ್ಯಾಂಗ್ ಬಗ್ಗೆ ಅಲ್ಲ, ಗೊತ್ತು. ಆದರೂ ಇದನ್ನು ಓದಿದ ಮೇಲೆ ನನಗೆ ಆಟದ ಮೇಲೆ ಎಷ್ಟು ನಂಬಿಕೆ ಇಡಬೇಕು ಅಂತ ಗೊತ್ತಾಯಿತು. ಮೈದಾನದಲ್ಲಿ ಬೆಳೆದದ್ದು ಗೇಟು ದಾಟಬೇಕಾದರೆ ಯಾರಾದರೂ ಅದನ್ನು ಕೈ ಹಿಡಿದು ದಾಟಿಸಬೇಕು. ಸಂಜೆಪಾಳಿ ಮೇಡಂ ಅವರ ಹದಿನೈದು ನಿಮಿಷದ ನಡಿಗೆ ಹಾಗೆ.

ಥ್ರೋಇನ್

ಇನ್ನೊಂದು ವಿಷಯ ಕೇಳಬೇಕಿತ್ತು. ಸಂಕೋಚ ಆಗುತ್ತಿದೆ. ಕಳೆದ ತಿಂಗಳು ಒಬ್ಬರು ಬಂದು, ಎಲ್ಲಾ ಹುಡುಗರಿಗೂ ಜೆರ್ಸಿ, ಬೂಟು ಕೊಡಿಸುತ್ತೇನೆ ಅಂದರು. "ನಮ್ಮ ಮಕ್ಕಳೇ ಅಲ್ವಾ ಸರ್" ಅಂದರು. ಅವರಿಗೆ ಆ ಗುಂಪಿನ ಜೊತೆ ಓಡಾಟ ಇದೆ ಅಂತ ಎಲ್ಲರಿಗೂ ಗೊತ್ತು. ನಮ್ಮ ಹುಡುಗರಲ್ಲಿ ಆರು ಜನ ಬರಿಗಾಲಲ್ಲಿ ಆಡುತ್ತಾರೆ. ನಾನು ಇನ್ನೂ ಬೇಡ ಅಂದಿಲ್ಲ.

ಗೋಲ್‌ಹಿಂದೆ

ಬೇಡ ಅನ್ನಿ. ಮೆಡಿಲಿನ್‌ನ ದೀಪ ನೆನಪಿಸಿಕೊಳ್ಳಿ.

ಎಡಗಾಲು10

ಬರಿಗಾಲ ಹುಡುಗನಿಗೆ ಇದನ್ನು ಹೇಳುವುದು ನಮಗೆ ಸುಲಭ. ಆದರೂ ಬೇಡ. ಜೆರ್ಸಿ ಬಂದ ಮರುದಿನ ಅವರು ಬೌಂಡರಿ ಗೆರೆಯಲ್ಲಿ ಕುರ್ಚಿ ಹಾಕಿ ಕೂರುತ್ತಾರೆ. ಗೋಲು ಹೊಡೆದವನನ್ನು ಕರೆದು ಬೆನ್ನು ತಟ್ಟುತ್ತಾರೆ. ಆಮೇಲೆ ಮೈದಾನ ನಿನ್ನದಲ್ಲ. ಹಳೇ ಬೂಟು ಕೇಳಿ ನೋಡು. ಮಕ್ಕಳ ಕಾಲು ಆರು ತಿಂಗಳಿಗೆ ಬೆಳೆಯುತ್ತೆ, ಎಲ್ಲರ ಮನೆಯಲ್ಲೂ ಚಿಕ್ಕದಾದ ಜೋಡಿ ಬಿದ್ದಿರುತ್ತೆ.

ಸಂಜೆಪಾಳಿ

ಬೇಡ ಅನ್ನುವಾಗ ಜಗಳಕ್ಕೆ ನಿಲ್ಲಬೇಡಿ. "ಯಾರ ಹತ್ತಿರವೂ ದೊಡ್ಡ ದೇಣಿಗೆ ತಗೊಳ್ಳಬಾರದು ಅಂತ ನಾವು ತಂದೆತಾಯಿಯರ ಸಭೆಯಲ್ಲಿ ನಿಯಮ ಮಾಡಿದ್ದೇವೆ" ಅನ್ನಿ. ಸಭೆ ಇನ್ನೂ ಆಗಿಲ್ಲದಿದ್ದರೆ ಈ ವಾರವೇ ಮಾಡಿ. ಬೇಡ ಅಂದದ್ದು ನೀವೊಬ್ಬರೇ ಅಂತ ಆಗಬಾರದು.

ಕಾರ್ನರ್‌ಕಿಕ್

ನನ್ನ ಹತ್ತಿರ ಎರಡು ಜೋಡಿ ಬೂಟಿವೆ. ಸೈಜ್ 5 ಮತ್ತು 7. ಎಲ್ಲಿಗೆ ಕಳಿಸಲಿ? (ಹಿಂದೆ ಬರೆದದ್ದು ಸಿಟ್ಟಿನಲ್ಲಿ ಬರೆದದ್ದು.)

ಥ್ರೋಇನ್

ಕಾರ್ನರ್‌ಕಿಕ್ ಸರ್, ನಿಮಗೆ ಖಾಸಗಿ ಸಂದೇಶ ಕಳಿಸಿದ್ದೇನೆ. ಥ್ಯಾಂಕ್ಸ್.

ಐದು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಸಭೆ ಮಾಡಿದೆವು. 27 ಮನೆಗಳಲ್ಲಿ 9 ಮನೆಯವರು ಬಂದರು. ಜೆರ್ಸಿ ಬೇಡ ಅಂತ ಆಯಿತು. ಕೊಡುತ್ತೇನೆ ಅಂದವರು ನಕ್ಕು ಹೋದರು. ಆ ನಗು ನನಗೆ ಹಿಡಿಸಲಿಲ್ಲ. ಸದ್ಯ ಏನೂ ಆಗಿಲ್ಲ.

ವಾರಕ್ಕೆ ಮೂರರಲ್ಲಿ ಎರಡು ದಿನ ನಾಲ್ಕಕ್ಕೇ ಶುರು ಮಾಡುತ್ತಿದ್ದೇವೆ. ನನಗೆ ಬರಲು ಆಗುವುದಿಲ್ಲ. ಒಬ್ಬ ನಿವೃತ್ತ ಮೇಷ್ಟ್ರು ಬಂದು ಕೂರುತ್ತಾರೆ. ಅವರಿಗೆ ಆಫ್‌ಸೈಡ್ ಅಂದರೇನು ಗೊತ್ತಿಲ್ಲ. ಆದರೆ ಯಾರು ಬಂದಿಲ್ಲ ಅಂತ ಅವರಿಗೆ ಗೊತ್ತು, ಅದೇ ಸಂಜೆ ಮನೆಗೆ ಹೋಗಿ ಕೇಳುತ್ತಾರೆ. ಹುಡುಗಿಯರು ಏಳು ಜನ ಬಂದಿದ್ದಾರೆ. ಫುಟ್‌ಬಾಲ್3 ನಮ್ಮಲ್ಲಿ ಇನ್ನೂ ಹುಲ್ಲು ಕೀಳುವ ಹಂತದಲ್ಲೇ ಇದೆ.

ಆ ಹುಡುಗನ ಹತ್ತಿರ ಮಾತಾಡಿದೆ. ಒಬ್ಬನೇ ಇದ್ದ. ಮೇಡಂ ಹೇಳಿದ ಎರಡು ಮಾತು ಹೇಳಿದೆ. ಸಹಾಯಕ ಕೋಚ್ ಕೆಲಸ ಖಾಲಿ ಇದೆ, ಅದು ಬೇರೆ ಯಾರಿಗೂ ಕೊಟ್ಟಿಲ್ಲ ಅಂತಲೂ ಹೇಳಿದೆ. "ನೋಡೋಣ ಸರ್" ಅಂದ. ರಸ್ತೆ ದಾಟಿ ಹೋಗಲಿಲ್ಲ, ಅಷ್ಟು ನಿಜ. ಪ್ರಾಕ್ಟೀಸ್‌ಗೆ ಬಂದಿಲ್ಲ. ಯಾರಿಗೆ ತಿಳಿಸಬೇಕೋ ಅವರಿಗೆ ತಿಳಿಸಿದ್ದೇನೆ, ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಮೊನ್ನೆ ನಾಲ್ಕು ಗಂಟೆಯ ಆಟಕ್ಕೆ ಒಬ್ಬ ಹೊಸ ಹುಡುಗ ಬಂದ. ಹತ್ತು ವರ್ಷ. ಯಾರು ಕಳಿಸಿದರು ಅಂತ ಮೇಷ್ಟ್ರು ಕೇಳಿದರೆ "ಅಣ್ಣ ಹೋಗು ಅಂದ" ಅಂತ ಹೇಳಿದನಂತೆ. ಅಣ್ಣನ ಹೆಸರು ಕೇಳಿ ಮೇಷ್ಟ್ರು ನನಗೆ ಫೋನ್ ಮಾಡಿದರು. ನಾನು ಆಫೀಸಿನಲ್ಲಿ ಎದ್ದು ಹೊರಗೆ ಹೋಗಬೇಕಾಯಿತು.

ನಮ್ಮ ನಿಯಮ 11ರಿಂದ ಶುರು. ಅದನ್ನು ತೆಗೆದುಹಾಕಿದ್ದೇವೆ. ನಮ್ಮ ಹತ್ತಿರ ಇರುವುದೆಲ್ಲಾ ಸೈಜ್ 5 ಚೆಂಡು, ಅವನಿಗೆ ಒದೆಯಲು ಭಾರ ಆಗುತ್ತಿದೆ. ಹತ್ತು ವರ್ಷದವರಿಗೆ ಯಾವ ಸೈಜ್ ತರಲಿ?

ಎಡಗಾಲು10

4 ತಗೋ. ಎರಡು ತಗೋ, ಅವನು ಗೆಳೆಯರನ್ನು ಕರ್ಕೊಂಡು ಬರ್ತಾನೆ.